ಜಪ್ತಿಗೆ ಬಂದ ಬಾಯಿ

ಐದನೆಯ ಕಂತು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಾಯಲ್ಲಿರುವ ಹಲ್ಲೆಲ್ಲ ಉದುರಿಹೋಗಲಿ. ಸ್ವಂತದ್ದು ಒಂಬತ್ತೇ ಉಳಿದಿರುವುದರಿಂದ ಆಣೆ ಸ್ವಲ್ಪ ಸಣ್ಣದಾಯಿತೆಂದು ಯಾರಿಗಾದರೂ ಅನ್ನಿಸಿದರೆ, ಆ ಒಂಬತ್ತರಲ್ಲಿ ಎರಡು ದವಡೆ ಹಲ್ಲು ಇನ್ನೂ ಗಟ್ಟಿಯಾಗಿವೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಜಪ್ತಿಗೆ ಬಂದ ಕೋರ್ಟಿನ ಅಮೀನನ ಬಲಗಾಲು ಹೊಸ್ತಿಲ ಒಳಗಿತ್ತು. ಎಡಗಾಲು ಹೊರಗಿತ್ತು. ಎರಡರ ನಡುವೆ ಹಲ್ಲಕ್ಕ ಪೊರಕೆ ಅಡ್ಡ ಹಿಡಿದು ನಿಂತಿದ್ದಳು.

"ಬಂದಾಯ್ತಮ್ಮ," ಎಂದ ಅಮೀನ, ಬಹಳ ಮೆತ್ತಗೆ. "ಒಂದು ಕಾಲು ಒಳಗೆ ಬಂದ್ರೆ ಆಳು ಪೂರ್ತಿ ಒಳಗೆ ಬಂದ ಲೆಕ್ಕ. ಇನ್ನೊಂದು ಕಾಲಿಗೆ ಯಾಕೆ ಸುಮ್ನೆ ತೊಂದರೆ ಕೊಡ್ತೀರಿ? ದಾರಿ ಬಿಡಿ."

ಜೋರು ಮಾಡಿದ್ದರೆ ಹಲ್ಲಕ್ಕನೂ ಜೋರು ಮಾಡುತ್ತಿದ್ದಳು. ಮೆತ್ತಗೆ ಮಾತಾಡುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಭಯ. ಪೊರಕೆ ತಾನಾಗಿ ಕೆಳಗಿಳಿಯಿತು.

ಹಲ್ಲಕ್ಕ ಎಂದ ಮಾತ್ರಕ್ಕೆ ಹಲ್ಲುಬ್ಬಿಯೆಂದು ತಿಳಿಯಬೇಡಿ. ಐವತ್ತೆರಡು ವರ್ಷದ, ಗಂಡ ತೀರಿಕೊಂಡ ಹೆಂಗಸು. ಎರಡನೇ ಮಹಡಿಯ ಬಾಡಿಗೆ ಮನೆಯ ಮುಂಗೋಣೆಯಲ್ಲಿ ಕೂತು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ; ಇವಳು ಪ್ಲಾಸ್ಟರ್ ಎರೆದು ಅಚ್ಚು ತೆಗೆಯುತ್ತಾಳೆ, ಗುಲಾಬಿ ಮೇಣದಲ್ಲಿ ಒಸಡು ಮಾಡುತ್ತಾಳೆ, ಅದಕ್ಕೆ ಹಲ್ಲು ಕೂರಿಸುತ್ತಾಳೆ. ಊರಲ್ಲಿ ನಗುವ ಮುದುಕರಲ್ಲಿ ಅರ್ಧ ಜನ ನಗುವುದು ಇವಳ ಹಲ್ಲಲ್ಲೇ. ಆದರೆ ಅವರು ಎದುರಿಗೆ ಬಂದರೆ ಇವಳಿಗೆ ಗುರುತು ಸಿಗುವುದಿಲ್ಲ. ಬಾಯಿ ಗೊತ್ತು, ಮುಖ ಗೊತ್ತಿಲ್ಲ.

ಮೂರು ವಾರದಿಂದ ಯಾವನೋ ಅಪರಿಚಿತನ ಹೆಸರಿಗೆ ಈ ವಿಳಾಸಕ್ಕೆ ಕೆಂಪಕ್ಷರದ ಕವರುಗಳು ಬರುತ್ತಿದ್ದವು. 'ಇಂಥವರು ಇಲ್ಲಿ ಇಲ್ಲ' ಎಂದು ಬರೆದು ಪೋಸ್ಟ್‌ಮ್ಯಾನ್ ಕೈಗೇ ವಾಪಸು ಕೊಡುತ್ತಿದ್ದಳು. ಇವತ್ತು ಕವರಿನ ಬದಲು ಮನುಷ್ಯರೇ ಬಂದಿದ್ದರು. ಮನುಷ್ಯರ ಮೇಲೆ ಹಾಗೆ ಬರೆದು ವಾಪಸು ಕಳಿಸಲು ಬರುವುದಿಲ್ಲ.

ಬಂದವರು ಇಬ್ಬರು. ಅಮೀನ ಉದ್ದಕ್ಕಿದ್ದ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಅವನ ಬೆನ್ನ ಹಿಂದೆ ಪಟ್ಟಿ ಬರೆಯುವ ಗುಮಾಸ್ತ; ಗಿಡ್ಡ ಆಳು, ಹೆಗಲಿಗೆ ಚೀಲ, ಬಾಯಿಗೆ ಕರ್ಚೀಫು. ಪ್ಲಾಸ್ಟರ್ ಧೂಳು ಆಗುವುದಿಲ್ಲವೆಂದು ಕೈಸನ್ನೆಯಲ್ಲೇ ಹೇಳಿದ. ಕೆಳಗೆ ಬೀದಿಯಲ್ಲಿ ಟೆಂಪೊ ನಿಂತಿತ್ತು. ಇಂಜಿನ್ ಆರಿಸಿರಲಿಲ್ಲ.

"ಎಲ್ಲಿ ಅವನು?" ಅಮೀನ ವಾರಂಟು ಬಿಡಿಸಿ ಹೆಸರಿನ ಮೇಲೆ ಬೆರಳಿಟ್ಟ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆತನ ಕಡೆಯವರು ಇನ್ನೂ ಓಡಾಡಿಕೊಂಡಿದ್ದಾರೆ. ಸಾಲಗಾರ ಎನ್ನೋಣ.

"ಯಾರು ಅಂತಾನೇ ಗೊತ್ತಿಲ್ಲ ಸಾರ್. ಈ ಮನೆಯಲ್ಲಿ ಇರೋದು ನಾನು, ನಮ್ಮತ್ತೆ. ನಾಲ್ಕು ವರ್ಷದಿಂದ ನಾವಿಬ್ಬರೇ. ಅತ್ತೆಗೆ ಎಂಬತ್ತೊಂದು. ಅವರಿಗೆ ಯಾರು ಸಾಲ ಕೊಡ್ತಾರೆ?"

"ಕೇಳಿ ನೋಡಿದ್ದೀಯೇನೇ?" ಎಂದಿತು ಒಳಕೋಣೆಯಿಂದ ಒಂದು ದನಿ.

"ಅವರೇ ಸಾರ್ ನಮ್ಮತ್ತೆ."

ಅಮೀನ ನಗಲಿಲ್ಲ. ಕೆಲಸದ ಮೇಜಿನ ಮುಂದಿದ್ದ ಅವಳ ಸ್ಟೂಲನ್ನೇ ಎಳೆದುಕೊಂಡು ಕೂತ. ಮೂವತ್ತು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಬೇರೆ ಯಾರೂ ಕೂತಿರಲಿಲ್ಲ. ಹಲ್ಲಕ್ಕನಿಗೆ ತನ್ನ ಮನೆಯಲ್ಲೇ ಎಲ್ಲಿ ನಿಲ್ಲಬೇಕೆಂದು ತೋಚಲಿಲ್ಲ.

"ಮನೆ ನಿಮ್ಮದು ಅನ್ನೋದಕ್ಕೆ ಏನಿದೆ?"

ಬಾಡಿಗೆ ಕರಾರು ತಂದಳು. ಅದು ತೀರಿಹೋದ ಗಂಡನ ಹೆಸರಲ್ಲಿತ್ತು. ಕರೆಂಟು ಬಿಲ್ಲು ತಂದಳು. ಅದು ಮನೆ ಓನರ ಹೆಸರಲ್ಲಿತ್ತು. ಬಿಸ್ಕತ್ತಿನ ಡಬ್ಬಿ ತಡಕಾಡಿ ಪಾಲಿಶ್ ಮೋಟರಿನ ರಸೀದಿ ತಂದಳು. ಅದರಲ್ಲಿ ಅಂಗಡಿಯ ಸೀಲಿತ್ತು, ತಾರೀಕಿತ್ತು, ಕೊಂಡವರ ಜಾಗದಲ್ಲಿ 'ನಗದು' ಎಂದಿತ್ತು. ಆ ಮನೆಯಲ್ಲಿ ಅವಳ ಹೆಸರಿನಲ್ಲಿದ್ದದ್ದು ಅವಳ ಹೆಸರೊಂದೇ.

"ನೋಡಿಮ್ಮ, ನಮ್ಮ ಹತ್ರ ಕಾಗದ ಇದೆ. ನಿಮ್ಮ ಹತ್ರ ಬಾಯಿ ಇದೆ," ಎಂದ ಅಮೀನ. "ಹೋದ ತಿಂಗಳು ಎರಡನೇ ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ, ಇದೇ ಬಾಗಿಲಲ್ಲಿ ಸಾಲಗಾರನೇ ನಿಂತು ನೋಟೀಸು ತಗೊಂಡಿದ್ದಾನೆ. ಸಹಿ ಇದೆ."

"ಎರಡನೇ ಮಂಗಳವಾರವಾ? ಅವತ್ತು ಅತ್ತೇನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ ಸಾರ್. ಸಂಜೆವರೆಗೂ ಮನೆಗೆ ಬೀಗ."

"ಹಾಗಾದ್ರೆ ಬೀಗದ ಕೈ ಅವನ ಹತ್ರ ಇದೆ ಅಂತಾಯ್ತು."

ನಿಜ ಹೇಳಿದಷ್ಟೂ ಹಲ್ಲಕ್ಕನ ಕುತ್ತಿಗೆಗೇ ಸುತ್ತಿಕೊಳ್ಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದಳು. ಎಮ್ಮೆಯ ಕಡೆಯಿಂದ ಯೋಚಿಸಿದ್ದು ಇವತ್ತೇ ಮೊದಲು.

"ಬರ್ಕೊಳಯ್ಯ," ಎಂದ ಅಮೀನ.

ಗುಮಾಸ್ತ ಗೋಡೆಗೊರಗಿ ಬರೆಯತೊಡಗಿದ. ಹಲ್ಲಕ್ಕ ಕಣ್ಣಲ್ಲೇ ತನ್ನ ಸಾಮಾನು ಎಣಿಸಿದಳು. ಪಾಲಿಶ್ ಮೋಟರು. ಹಲ್ಲು ಬೇಯಿಸುವ ಒಲೆ. ಸಣ್ಣ ಡ್ರಿಲ್ಲು. ಇವಿಷ್ಟು ಹೋದರೆ ಕೈ ಕಡಿದುಕೊಟ್ಟ ಹಾಗೆ. ಶನಿವಾರದೊಳಗೆ ಹನ್ನೊಂದು ಸೆಟ್ಟು ಕೊಡಬೇಕು. ಹನ್ನೊಂದು ಜನ ಗಂಜಿ ಕುಡಿದುಕೊಂಡು ಇವಳ ದಾರಿ ಕಾಯುತ್ತಿದ್ದಾರೆ. ಕೊಡದಿದ್ದರೆ ಡಾಕ್ಟರುಗಳು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಅತ್ತೆಯ ಕಣ್ಣಿನ ಔಷಧಿಗೂ ಗತಿಯಿಲ್ಲ.

"ಸಾರ್, ಓನರಿಗೆ ಒಂದು ಫೋನ್ ಮಾಡ್ತೀನಿ. ಅವರೇ ಹೇಳ್ತಾರೆ."

ಮೇಜಿನ ಮೇಲಿದ್ದ ಫೋನಿಗೆ ಕೈ ಚಾಚಿದಳು. ಅವಳಿಗಿಂತ ಮೊದಲು ಗುಮಾಸ್ತ ಅದನ್ನು ಎತ್ತಿಕೊಂಡು, ಪಟ್ಟಿಯಲ್ಲಿ ಬರೆದು, ಚೀಲಕ್ಕೆ ಹಾಕಿಕೊಂಡ.

"ಅದೂ ಚರಸ್ವತ್ತೇ ಅಲ್ವಾ ಅಮ್ಮ," ಎಂದ ಅಮೀನ ಸಮಾಧಾನದಿಂದ.

ಯಾರು ಮಾಡಿರಬಹುದು ಇದನ್ನು? ಮನೆ ಖಾಲಿ ಮಾಡಿ ಎಂದು ಆರು ತಿಂಗಳಿಂದ ಪೀಡಿಸುತ್ತಿದ್ದ ಓನರು? ಅವನಿಗೆ ಬಾಡಿಗೆ ಏರಿಸುವಷ್ಟೇ ಬುದ್ಧಿ. ಇಷ್ಟು ದೂರ ಹೋಗುವವನಲ್ಲ. ಮೈದುನ? ಊರ ತುಂಬ ಕೈಗಡ ಮಾಡಿ, ಎದುರಿಗೆ ಯಾರು ಬಂದರೂ ರಸ್ತೆ ದಾಟುವ ಗಿರಾಕಿ.

ಆ ಯೋಚನೆ ಗೋಡೆಯಾಚೆಗೂ ಕೇಳಿಸಿತೋ ಏನೋ, ಒಳಗಿನಿಂದ ದನಿ ಬಂತು. "ನನ್ನ ಚಿಕ್ಕ ಮಗನ ಮೇಲೆ ಅನುಮಾನ ಪಡಬೇಡವೇ ಹುಡುಗಿ. ಅವನು ಸಾಲ ಮಾಡಿದ್ರೆ ಸ್ವಂತ ಹೆಸರಲ್ಲೇ ಮಾಡ್ತಾನೆ. ಇನ್ನೊಂದು ಹೆಸರು ನೆನಪಿಟ್ಕೊಳ್ಳೋ ತಾಕತ್ತಿಲ್ಲ ಅವನಿಗೆ."

ಐವತ್ತೆರಡು ವರ್ಷದ ಹುಡುಗಿಗೆ ಅದು ಸರಿಯೆನ್ನಿಸಿತು.

ಅಷ್ಟರಲ್ಲಿ ಅವಳ ಕಣ್ಣು ಗುಮಾಸ್ತನ ಪಟ್ಟಿಯ ಮೇಲೆ ಬಿತ್ತು. ಮೇಜಿನ ಆಚೆ ಬದಿಯಿಂದ ಡಾಕ್ಟರ ಚೀಟಿಗಳನ್ನು ತಲೆಕೆಳಗಾಗಿ ಓದಿ ಓದಿ ಅವಳಿಗೆ ಅಭ್ಯಾಸ. ಮೊದಲನೇ ಸಾಲು ಮೋಟರಲ್ಲ. ಒಲೆಯೂ ಅಲ್ಲ.

'ಪ್ಲಾಸ್ಟರ್ ಅಚ್ಚುಗಳು. ಕಪಾಟಿನಲ್ಲಿ ಇರುವಷ್ಟೂ.'

ಕಪಾಟು ಅವಳ ಬೆನ್ನ ಹಿಂದಿತ್ತು. ಪ್ರತಿಯೊಂದು ಬಾಯಿಗೂ ಅವಳು ಎರಡೆರಡು ಅಚ್ಚು ಎರೆಯುತ್ತಾಳೆ. ಒಂದು ಕೆಲಸದಲ್ಲೇ ಒಡೆದುಹೋಗುತ್ತದೆ. ಇನ್ನೊಂದರ ತಳಕ್ಕೆ, ಹಸಿ ಇರುವಾಗಲೇ ಮೊಳೆಯಿಂದ ರೋಗಿಯ ಹೆಸರು ಗೀಚಿ, ಒಂದು ವರ್ಷ ಇಟ್ಟಿರುತ್ತಾಳೆ. ಸೆಟ್ಟು ಮುರಿದರೆ ಮತ್ತೆ ಅಳತೆ ತೆಗೆಯುವ ರಗಳೆ ಇರಬಾರದಲ್ಲ. ಮುನ್ನೂರು ಚಿಲ್ಲರೆ ಬಾಯಿಗಳು ಸಾಲಾಗಿ ಕೂತು ಇಡೀ ದಿನ ಅವಳ ಬೆನ್ನು ನೋಡುತ್ತಿರುತ್ತವೆ. ಹರಾಜಿಗಿಟ್ಟರೆ ಎರಡು ಕಾಸಿಗೂ ಬಾಳದ ಸಾಮಾನು.

"ಅಚ್ಚು ಯಾಕೆ ಸಾರ್? ಅದನ್ನ ಯಾರು ಕೊಳ್ತಾರೆ?"

"ನಿಯಮಮ್ಮ. ಇದ್ದದ್ದೆಲ್ಲ ಬರೀಬೇಕು."

"ಮತ್ತೆ ಈ ಫ್ಯಾನು ಬರ್ದಿಲ್ಲವಲ್ಲ? ಕುರ್ಚಿ ಬರ್ದಿಲ್ಲ?"

ಅಮೀನ ಫ್ಯಾನು ನೋಡಿದ. ಫ್ಯಾನು ಬರ್‍ರೆಂದು ಸುತ್ತುತ್ತಿತ್ತು. "ಬರೀತೀವಿ," ಎಂದ. ಬರೆಸಲಿಲ್ಲ.

ಅವರು ಒಳಕೋಣೆಯ ಬಾಗಿಲಿಗೆ ಹೋದರು. ಹಲ್ಲಕ್ಕ ಹಿಂದೆಯೇ ಓಡಿದಳು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಮಂಜುಗಣ್ಣನ್ನು ಸದ್ದು ಬಂದ ಕಡೆ ನೆಟ್ಟು.

"ಮಂಚ ಯಾರದು ಅಜ್ಜಿ?"

"ನಾನು ಮೇಲೆ ಕೂತಿದ್ದೀನಲ್ಲಪ್ಪ, ಇಬ್ಬರನ್ನೂ ಸೇರಿಸಿ ಬರ್ಕೋ. ಹಳೇ ಮಾಲು. ಎರಡು ಕಾಲೂ ಅಲ್ಲಾಡುತ್ತೆ. ಎಣ್ಣೆ ಎಷ್ಟು ಹಾಕಿದ್ರೂ ಕಿರ್ ಕಿರ್ ನಿಲ್ಲಲ್ಲ. ಮಂಚದ ಸುದ್ದಿ ಅಲ್ಲ ನಾನು ಹೇಳ್ತಿರೋದು. ಹರಾಜಲ್ಲಿ ಯಾರೂ ಕೂಗದೆ ಇದ್ರೆ ನಿಮ್ಮನೆಗೇ ಕರ್ಕೊಂಡು ಹೋಗ್ಬೇಕು, ನೋಡು. ವಾಪಸು ತಗೊಳಲ್ಲ ನಮ್ಮ ಹುಡುಗಿ."

ಗುಮಾಸ್ತನಿಗೆ ತಡೆಯಲಾಗಲಿಲ್ಲ. ಮೊದಲು ಭುಜ ಕುಲುಕಿದವು. ಆಮೇಲೆ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಳ್ಳಲು ಬಾಯಿಯ ಕರ್ಚೀಫನ್ನೇ ತೆಗೆದು, ಬಾಯ್ತುಂಬ ನಕ್ಕುಬಿಟ್ಟ.

ಹಲ್ಲಕ್ಕ ಮೊದಲು ನೋಡಿದ್ದು ಒಸಡಿನ ಅಂಚು. ಚೆನ್ನಾಗಿ ಕೂತಿತ್ತು. ಕೆಲಸಗಾರಳ ಬುದ್ಧಿ, ಏನು ಮಾಡುವುದು, ಒಂದು ಕ್ಷಣ ಮನಸ್ಸು ಹಿಗ್ಗಿತು.

ಮರುಕ್ಷಣ ಕಣ್ಣು ಹಲ್ಲಿಗೆ ಹೋಯಿತು.

ಮೇಲಿನ ಎರಡು ಮುಂಹಲ್ಲುಗಳ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಸಂದು. ಎಡಗಡೆಯ ಕೋರೆಹಲ್ಲು ಒಂದು ಚೂರು ಒಳಕ್ಕೆ ತಿರುಗಿದೆ. ಜಗತ್ತಿನಲ್ಲಿ ದುಡ್ಡು ಕೊಟ್ಟು ಹಲ್ಲು ಕಟ್ಟಿಸಿಕೊಳ್ಳುವವರು ಸಂದು ಮುಚ್ಚಿ ಎನ್ನುತ್ತಾರೆ. ಒಬ್ಬನೇ ಒಬ್ಬ ಮಾತ್ರ, ಮೊದಲಿದ್ದ ಹಾಗೇ ಇರಲಿ, ಸಂದು ಬಿಡಿ ಎಂದು ಹೇಳಿ ಕಳಿಸಿದ್ದ. ಎಂಟು ತಿಂಗಳ ಹಿಂದೆ. ಹಲ್ಲಕ್ಕ ಫೋನಿನಲ್ಲಿ ಡಾಕ್ಟರ ಜೊತೆ ಅರ್ಧ ಗಂಟೆ ಜಗಳವಾಡಿದ್ದಳು. ನೋಡಿದವರು ಇವಳಿಗೆ ಕೆಲಸ ಬರಲ್ಲ ಅಂದುಕೊಳ್ಳುವುದಿಲ್ಲವೇ? ಕೊನೆಗೆ ಸೋತು ಸಂದು ಬಿಟ್ಟು ಕಟ್ಟಿದಳು. ಆದರೆ ಮಾನ ಉಳಿಸಿಕೊಳ್ಳಬೇಕಲ್ಲ. ಸೆಟ್ಟಿನ ಡಬ್ಬಿಯ ತಳಕ್ಕೆ ಒಂದು ಚೀಟಿ ಅಂಟಿಸಿದಳು: 'ಸಂದು ಕೇಳಿದ್ದು ರೋಗಿಯೇ, ಕೆಲಸಗಾರರ ತಪ್ಪಲ್ಲ.' ಕೆಳಗೆ ತನ್ನ ಸೀಲು ಒತ್ತಿದಳು.

ಸೀಲಿನಲ್ಲಿ ಮನೆ ನಂಬರಿತ್ತು, ಬೀದಿಯಿತ್ತು, ಎರಡನೇ ಮಹಡಿ ಎಂದೂ ಇತ್ತು.

ಬೇರೆ ಯಾವ ಹಲ್ಲು ಕಟ್ಟುವವರೂ ರೋಗಿಗೆ ತಮ್ಮ ವಿಳಾಸ ಕೊಡುವುದಿಲ್ಲ. ಕೊಟ್ಟರೆ ನೋವೆಂದು ನೇರ ಮನೆಗೇ ಬಂದು ಕೂರುತ್ತಾರೆ. ಮೂವತ್ತು ವರ್ಷದಲ್ಲಿ ಇವಳೂ ಕೊಟ್ಟಿರಲಿಲ್ಲ, ಆ ಒಂದು ಸಲದ ಹೊರತು.

ಗುಮಾಸ್ತ ಕರ್ಚೀಫು ಕಟ್ಟಿಕೊಂಡ. ಅವಳು ತನ್ನ ಹಲ್ಲು ನೋಡಿದ್ದನ್ನು ಗಮನಿಸಿದನೋ ಇಲ್ಲವೋ ಗೊತ್ತಾಗಲಿಲ್ಲ. ಅಮೀನ ಮಾತ್ರ ಮುಂಗೋಣೆಗೆ ನಡೆಯುತ್ತಾ, "ನೀನು ಇಲ್ಲಿಯದ್ದು ಮುಗಿಸು," ಎಂದ.

ಹಲ್ಲಕ್ಕ ಅವನ ಹಿಂದೆಯೇ ಬಂದು ಕಪಾಟಿನ ಮುಂದೆ ನಿಂತಳು. ಕೆಳಗಿನಿಂದ ಮೂರನೇ ಸಾಲು, ಎಂಟು ತಿಂಗಳ ಹಿಂದಿನದು. ಹೆಸರುಗಳನ್ನು ಅವಳು ಸಂಜೆಗೆ ಮರೆಯುತ್ತಾಳೆ, ಬಾಯಿಗಳನ್ನು ಜನ್ಮದಲ್ಲಿ ಮರೆಯುವುದಿಲ್ಲ. ಬೆರಳಿನಲ್ಲೇ ಸವರುತ್ತಾ ಹೋದಳು. ಅಗಲ ದವಡೆ, ಅಲ್ಲ. ಮೇಲೆದ್ದ ಅಂಗುಳು, ಅಲ್ಲ. ಕಿರಿದಾದ ದವಡೆ, ಎಡಗಡೆ ಮೂಳೆಯ ಗಂಟು. ಇದೇ.

ತಿರುಗಿಸಿ ತಳ ನೋಡಿದಳು.

ಮೊಳೆಯಲ್ಲಿ ಗೀಚಿದ ಅಕ್ಷರಗಳು. ಅವಳದೇ ಸೊಟ್ಟ ಅಕ್ಷರ. ವಾರಂಟಿನಲ್ಲಿದ್ದ ಹೆಸರು.

ಕವರಿನ ಮೇಲೆ ಮೂರು ವಾರ ನೋಡಿದ ಹೆಸರನ್ನು ಎಂಟು ತಿಂಗಳ ಹಿಂದೆ ತಾನೇ ಬರೆದಿದ್ದಳು! ಸಾಲಗಾರ ಎಲ್ಲೋ ತಲೆಮರೆಸಿಕೊಂಡಿಲ್ಲ. ಅವಳ ಮನೆಯ ಒಳಕೋಣೆಯಲ್ಲಿ ನಿಂತು ಅವಳ ಅತ್ತೆಯ ದಿಂಬು ಎಣಿಸುತ್ತಿದ್ದಾನೆ.

ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅಚ್ಚು ಹಿಡಿದುಕೊಂಡು ಅಮೀನನ ಹತ್ತಿರ ಹೋದಳು. ಈ ಮನೆಯಲ್ಲಿ ಈಗ ಸರ್ಕಾರ ಅಂತ ಇದ್ದರೆ ಅವನೊಬ್ಬನೇ.

"ಸಾರ್," ಎಂದಳು ಪಿಸುಮಾತಿನಲ್ಲಿ. "ಸ್ವಲ್ಪ ಈ ಕಡೆ ಬರ್ತೀರಾ? ಜೋರಾಗಿ ಮಾತಾಡ್ಬೇಡಿ."

ಅಮೀನ ಕಿಟಕಿಯ ಬಳಿ ಬಂದ.

"ನೀವು ಹುಡುಕ್ತಿರೋ ಆಸಾಮಿ ನಿಮ್ಮ ಜೊತೇನೇ ಬಂದಿದ್ದಾನೆ."

"ಯಾರು?"

"ನಿಮ್ಮ ಗುಮಾಸ್ತ."

ಅಮೀನನ ಮುಖದ ಒಂದು ಸ್ನಾಯುವೂ ಅಲುಗಲಿಲ್ಲ. ಒಳ್ಳೆಯ ಅಧಿಕಾರಿ ಹೀಗೇ ಇರಬೇಕೆಂದು ಹಲ್ಲಕ್ಕನಿಗೆ ಸ್ವಲ್ಪ ಧೈರ್ಯ ಬಂತು.

"ಏನಮ್ಮ ಆಧಾರ?"

"ಅವನ ಬಾಯಲ್ಲಿರೋದು ನನ್ನ ಹಲ್ಲು ಸಾರ್. ನಾನೇ ಕಟ್ಟಿದ್ದು. ಇದು ಅದರ ಅಚ್ಚು. ತಳದಲ್ಲಿ ಹೆಸರು ನೋಡಿ."

ಅವನು ನೋಡಿದ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

"ಬೇರೆಯವರದ್ದು ಇರಬಹುದು."

"ಸಾರ್, ಗಂಡನ ಮುಖ ಮರೆತೇನು, ನಾನು ಬಿಟ್ಟ ಸಂದು ಮರೆಯಲ್ಲ. ಆ ದವಡೆಗೆ ಇನ್ನೊಬ್ಬರ ಸೆಟ್ಟು ಕೂರಲ್ಲ, ಇನ್ನೊಬ್ಬರ ದವಡೆಗೆ ಅದು ಕೂರಲ್ಲ. ಬೇಕಾದ್ರೆ ಈಗಲೇ ಅವನ ಬಾಯಿಂದ ತೆಗೆಸಿ ಇದರ ಮೇಲಿಟ್ಟು ನೋಡಿ. ಟಕ್ ಅಂತ ಕೂರದೆ ಇದ್ರೆ ಮೋಟರು ನಾನೇ ಹೊತ್ಕೊಂಡು ಬಂದು ಟೆಂಪೊಗೆ ಹಾಕ್ತೀನಿ."

ಅಮೀನ ಅಚ್ಚನ್ನು ಕೈಯಲ್ಲೇ ತೂಗಿದ. "ಈ ವಿಷಯ ಇನ್ಯಾರಿಗೆ ಹೇಳಿದ್ದೀರಿ?"

"ಅಯ್ಯೋ ಯಾರಿಗೂ ಇಲ್ಲ. ಈಗ ತಾನೇ ಗೊತ್ತಾಯ್ತು. ನಿಮಗೇ ಮೊದಲು."

"ನಿಮ್ಮತ್ತೆಗೆ?"

"ಅವರಿಗೂ ಇಲ್ಲ."

"ಇಂಥ ಅಚ್ಚು ಇನ್ನೊಂದು ಇದೆಯಾ?"

"ಇನ್ನೊಂದು ಅವತ್ತೇ ಒಡೆದುಹೋಯ್ತು ಸಾರ್, ಕೆಲಸದಲ್ಲಿ. ಇರೋದು ಇದೊಂದೇ."

ಅವನು ತಲೆಯಾಡಿಸಿದ. ಕೆಳಗೆ ಟೆಂಪೊದ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಹಲ್ಲಕ್ಕನಿಗೆ ಮಾತು ಹರಿಯತೊಡಗಿತು. ಭಯಪಟ್ಟವರಿಗೆ ಕೇಳುವ ಕಿವಿ ಸಿಕ್ಕರೆ ಹಾಗೇ.

"ವಿಳಾಸ ಅವನಿಗೆ ಸಿಕ್ಕಿದ್ದು ನನ್ನಿಂದಾನೇ ಸಾರ್. ಡಬ್ಬಿ ತಳದಲ್ಲಿ ಚೀಟಿ ಅಂಟಿಸಿದ್ದೆ, ನನ್ನ ಕೆಟ್ಟ ಬುದ್ಧಿ. ಸಾಲದ ಅರ್ಜಿಯಲ್ಲಿ ಅದನ್ನೇ ತನ್ನ ಮನೆ ಅಂತ ಬರೆದಿದ್ದಾನೆ. ನೋಟೀಸು ತಲುಪಿಸೋ ಕೆಲಸ ಯಾರದು? ಅವನದೇ ಅಲ್ವಾ? ಬೀಗ ಹಾಕಿದ ಬಾಗಿಲ ಮುಂದೆ ತಾನೇ ನಿಂತು, ತಾನೇ ಕೊಟ್ಟು, ತಾನೇ ತಗೊಂಡು ಸಹಿ ಹಾಕಿದ್ದಾನೆ. ಅಚ್ಚಿನಲ್ಲಿ ಹೆಸರಿರುತ್ತೆ ಅಂತ ಆ ಡಾಕ್ಟರ ಹತ್ರ ಕೇಳಿ ತಿಳ್ಕೊಂಡಿರ್ತಾನೆ, ಅದಕ್ಕೇ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದ. ಎಂಥ ಖದೀಮ ನೋಡಿ! ದಿನಾ ನಿಮ್ಮ ಪಕ್ಕದಲ್ಲೇ ಕೂತ್ಕೊಂಡು ನಿಮ್ಮ ಕಣ್ಣಿಗೇ ಮಣ್ಣೆರಚಿದ್ದಾನಲ್ಲ ಸಾರ್. ಹಾಜರಿ ಪುಸ್ತಕದಲ್ಲಿ ಅವನ ಹೆಸರು ದಿನಾ ನೋಡ್ತಾ, ಅದೇ ಹೆಸರಿನ ವಾರಂಟು ಕೈಯಲ್ಲಿ ಹಿಡ್ಕೊಂಡು ನೀವು ಹೇಗೆ..."

ಅಮೀನ ತಿರುಗಿ ನಡೆದ.

ಅಚ್ಚನ್ನು ಫೈಲಿನ ಜೊತೆ ಕಂಕುಳಲ್ಲಿಟ್ಟುಕೊಂಡು, ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ಸರಿಸಿ, ಹೊಸ್ತಿಲು ದಾಟಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಹಲ್ಲಕ್ಕ ಬಾಯಲ್ಲಿ ಉಳಿದ ಅರ್ಧ ಮಾತನ್ನು ಹಾಗೇ ಹಿಡಿದು ನಿಂತಿದ್ದಳು. ಅದರ ಉಳಿದರ್ಧ ಈಗ ಅವಳಿಗೇ ಕೇಳಿಸಿತು. ಜೊತೆಯಲ್ಲೇ ಕೆಲಸ ಮಾಡುವವನ ಹೆಸರು ಇವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಹೊರಗಿನಿಂದ ಚಿಲಕ ಬಿತ್ತು.

ಅವಳು ಬಾಗಿಲಿಗೆ ಕಿವಿಯಿಟ್ಟಳು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದುಹೋಗುತ್ತಿದ್ದವು, ಅವಸರವಿಲ್ಲದೆ. ಒಬ್ಬನದೇ ಹೆಜ್ಜೆ.

ಒಳಕೋಣೆಯಲ್ಲಿ ಪಟ್ಟಿ ಬರೆಯುವ ಸದ್ದು ನಿಂತಿತ್ತು.

"ಏ ಹುಡುಗೀ," ಎಂದರು ಅತ್ತೆ. ದನಿಯಲ್ಲಿ ತಮಾಷೆ ಇರಲಿಲ್ಲ. "ಈತ ಯಾಕೆ ನನ್ನ ಕೋಣೆ ಬಾಗಿಲು ಹಾಕ್ತಿದ್ದಾನೆ?"